ಮೆಷಿನ್ ಬ್ಯಾಡ, ಒಂದು ಫಿಲ್ಟರ್ ಇಡ್ರಿ

ನಮ್ಮ ಪ್ರಾಜೆಕ್ಟ್ ಲ್ಯಾಬಿಗೆ ಕಾಫಿ ವೆಂಡಿಂಗ್ ಮೆಷಿನ್ ಬಾಡಿಗೆಗೆ ತರೋಣ ಅನ್ನೋ ಮಾತು ಈ ಸೆಮಿಸ್ಟರಿನ ಶುರುವಿನಿಂದ ನಡೀತಾ ಇದೆ. ಪಟ್ಟಿ ಎತ್ತೋದಕ್ಕೆ ಒಂದು ಶೀಟ್ ಕೂಡ ಗ್ರೂಪಿನಲ್ಲಿ ಓಡಾಡ್ತಿದೆ. ನಾನು ಅದರಲ್ಲಿ ಹೆಸರು ಬರೆದಿಲ್ಲ. ಯಾಕೆ ಅಂತ ಮೂರು ಜನ ಕೇಳಿದರು. ಒಬ್ಬನಂತೂ "ನೀವು ಬೆಳಗಾವಿ ಕಡೆಯವರು, ನಿಮಗೆ ಕಾಫಿ ಎಲ್ಲಿ ಗೊತ್ತಾಗುತ್ತೆ ಬಿಡು" ಅಂದ. ಅವನಿಗೂ ಸೇರಿಸಿ ಇಲ್ಲೇ ಉತ್ತರ ಬರೀತೀನಿ.

ಅವನು ಹೇಳಿದ್ದು ಅರ್ಧ ನಿಜ. ನಮ್ಮೂರು ಬೋರಗಾಂವ. ನಿಪ್ಪಾಣಿ ತಾಲೂಕಿನ ಒಂದು ಪಟ್ಟಣ ಪಂಚಾಯಿತಿ, ಗಡಿ ದಾಟಿದರೆ ಇಚಲಕರಂಜಿ. ಪೂರ್ತಿ ಚಹಾದ ಊರು. ನಮ್ಮಲ್ಲಿ ಮನೆಗೆ ಬಂದವರನ್ನ "ಏನ್ ಕುಡೀತೀರಿ" ಅಂತ ಯಾರೂ ಕೇಳಲ್ಲ, "ಚಾ ತಗೋರಿ" ಅಂತಾರೆ. ಅದು ಪ್ರಶ್ನೆ ಅಲ್ಲ. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಕರ್ನಾಟಕದಲ್ಲೇ ಬೆಳೆಯುತ್ತೆ, ಕೊಡಗು, ಚಿಕ್ಕಮಗಳೂರು, ಹಾಸನ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀನಿ. ಬರೆದು ಮನೆಗೆ ಬಂದು ಚಹಾ ಕುಡಿದಿದ್ದೀನಿ.

ಕಂಪ್ಯೂಟರ್ ಸೈನ್ಸಿನವರಿಗೆ 418 ಗೊತ್ತಿರಬೇಕು. 1998ರ ಏಪ್ರಿಲ್ 1ಕ್ಕೆ ಇಂಟರ್ನೆಟ್ಟಿನವರು ತಮಾಷೆಗೆ ಒಂದು ಪ್ರೋಟೊಕಾಲ್ ಹೊರಡಿಸಿದರು, ಆರ್‌ಎಫ್‌ಸಿ 2324, ಕಾಫಿ ಪಾತ್ರೆಯನ್ನ ನೆಟ್‌ವರ್ಕ್ ಮೇಲೆ ನಡೆಸೋದು ಹೇಗೆ ಅಂತ. ಚಹಾದ ಕಿಟ್ಲಿಗೆ ಕಾಫಿ ಮಾಡು ಅಂತ ಆಜ್ಞೆ ಕೊಟ್ಟರೆ ಅದು ವಾಪಸ್ ಕಳಿಸೋ ಎರರ್ ಕೋಡ್ 418, "ನಾನು ಚಹಾದ ಕಿಟ್ಲಿ" ಅಂತ. ಚಹಾಕ್ಕೆ ಬೇಕಾದ ತಿದ್ದುಪಡಿ ಬಂದಿದ್ದು 16 ವರ್ಷ ಆದಮೇಲೆ, 2014ರ ಏಪ್ರಿಲ್ 1ಕ್ಕೆ. ಧಾರವಾಡ ದಾಟಿ ಉತ್ತರಕ್ಕೆ ಬಂದು ಯಾವ ಹೋಟೆಲಿನಲ್ಲಿ ಕಾಫಿ ಕೇಳಿದರೂ ನಿಮಗೆ ಸಿಗೋದು ಹೆಚ್ಚುಕಡಿಮೆ ಇದೇ 418.

ಆದರೆ ಚಹಾದ ಊರಿನವಳಾಗಿದ್ದಕ್ಕೇ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ನಮ್ಮೂರಿನ ಆಫೀಸುಗಳಲ್ಲಿ ಚಹಾ ಚೆನ್ನಾಗಿರುತ್ತೆ. ಪತ್ತಿನ ಸಂಘ ಇರಲಿ, ಪಂಚಾಯಿತಿ ಇರಲಿ, ಎದುರಿನ ಅಂಗಡಿಯಿಂದ ಕಿಟ್ಲಿ ಬರುತ್ತೆ. ಆ ಚಹಾಕ್ಕೆ ಒಬ್ಬ ಮನುಷ್ಯ ಜವಾಬ್ದಾರ. ಸಕ್ಕರೆ ಜಾಸ್ತಿ ಆದರೆ ಸಂಜೆ ಅಂಗಡಿ ಮುಂದೆ ಹೋಗುವಾಗ "ಏನ್ ಮಾಮಾ, ಇವತ್ತ ಪಾಕಾ ಮಾಡಿದ್ರೇನು" ಅಂತ ಕೇಳಬಹುದು. ನಾಳೆ ಸರಿ ಆಗುತ್ತೆ. ಮೆಷಿನ್ನಿಗೆ ಯಾರು ಹೋಗಿ ಕೇಳೋದು?

ನಮ್ಮ ಕಾಕಾ ಕೆಲಸ ಮಾಡೋ ಸಂಘದಲ್ಲಿ ಎರಡು ವರ್ಷದ ಹಿಂದೆ ಮೆಷಿನ್ ತಂದರು. ಬಾಡಿಗೆ ಇಲ್ಲ, ಪುಡಿ ಮಾತ್ರ ನಮ್ಮ ಹತ್ರನೇ ತಗೋಬೇಕು ಅಂತ ಡೀಲರ್ ಕರಾರು. ಚಹಾ, ಕಾಫಿ, ಟೊಮೆಟೊ ಸೂಪ್ ಮೂರಕ್ಕೂ ಒಂದೇ ನಳ. ಯಾರೋ ಸೂಪ್ ಕುಡಿದ ಮೇಲೆ ಬಂದವರಿಗೆ ಟೊಮೆಟೊ ವಾಸನೆಯ ಕಾಫಿ. ಒಂದು ತಿಂಗಳು ನಡೀತು. ಆಮೇಲೆ ಎದುರಿನ ಕಿಟ್ಲಿ ಮತ್ತೆ ಬರೋಕೆ ಶುರುವಾಯ್ತು. ಈಗ ಆ ಮೆಷಿನ್ ಮೇಲೆ ಆವಕ ರಜಿಸ್ಟರ್ ಇಡ್ತಾರೆ, ಎತ್ತರ ಸರಿಯಾಗಿದೆ ಅಂತೆ.

ಮೆಷಿನ್ ಕಾಫಿ ಯಾಕೆ ಹಾಗಿರುತ್ತೆ ಅನ್ನೋದಕ್ಕೆ ದೊಡ್ಡ ಸಂಶೋಧನೆ ಬೇಡ. ಪ್ರೀಮಿಕ್ಸ್ ಪಾಕೀಟಿನ ಹಿಂಭಾಗ ಓದಿ ಸಾಕು. ಪದಾರ್ಥಗಳನ್ನ ತೂಕದ ಇಳಿಕೆ ಕ್ರಮದಲ್ಲಿ ಬರೀಬೇಕು ಅನ್ನೋದು ನಮ್ಮ ದೇಶದ ನಿಯಮ, ಜಾಸ್ತಿ ಇರೋದು ಮೊದಲು. ಅದರಲ್ಲಿ ಕಾಫಿ ಎಷ್ಟನೇ ಜಾಗದಲ್ಲಿದೆ ಅಂತ ಹುಡುಕಿ. ಸಕ್ಕರೆ, ಹಾಲಿನಪುಡಿ ಎಲ್ಲಾ ದಾಟಿಕೊಂಡು ಹೋಗಬೇಕಾಗುತ್ತೆ. ಅದನ್ನ ಕಾಫಿ ಅನ್ನೋದಕ್ಕಿಂತ ಬಿಸಿ ಸಕ್ಕರೆ ನೀರಿಗೆ ಕಾಫಿ ಸೋಕಿಸಿದ್ದು ಅನ್ನಬಹುದು.

"ಬೇರೆ ದಾರಿ ಇಲ್ಲ, ಲ್ಯಾಬಿನಲ್ಲಿ ಯಾರು ಮಾಡ್ತಾರೆ" ಅನ್ನೋರಿಗೆ ಬೋರಗಾಂವದ ಹತ್ರದ್ದೇ ಇನ್ನೊಂದು ಆಫೀಸಿನ ಕಥೆ ಹೇಳ್ತೀನಿ. ಅದೊಂದು ಬ್ಯಾಂಕಿನ ಬ್ರಾಂಚ್. ಹಾಸನ ಕಡೆಯ ಮೇಡಂ ಒಬ್ಬರು ಅಲ್ಲಿಗೆ ಮ್ಯಾನೇಜರ್ ಆಗಿ ವರ್ಗ ಆಗಿ ಬಂದರು. ಮೊದಲ ವಾರ ಅವರಿಗಾಗಿ ಚಹಾದಂಗಡಿಯಿಂದ ಸ್ಪೆಷಲ್ ಕಾಫಿ ತರಿಸಿದರಂತೆ: ಹಾಲು, ಸಕ್ಕರೆ, ಪುಡಿ ಮೂರನ್ನೂ ಒಟ್ಟಿಗೆ ಹಾಕಿ ಚಹಾದ ಹಾಗೆ ಕೊತಕೊತ ಕುದಿಸಿದ್ದು. ಪಾಪ, ಮಾತಾಡದೆ ಕುಡಿದರು. ಮುಂದಿನ ಸೋಮವಾರ ಟಿಫಿನ್ ಚೀಲದಲ್ಲಿ ಒಂದು ಸ್ಟೀಲ್ ಫಿಲ್ಟರ್ ಬಂತು.

ಮೊದಲು ಅವರೊಬ್ಬರಿಗೆ, ಆಮೇಲೆ ಕ್ಯಾಶಿಯರಿಗೆ, ಮೂರು ತಿಂಗಳಲ್ಲಿ ಇಡೀ ಬ್ರಾಂಚಿಗೆ. ಮಾಡೋದನ್ನ ಅಲ್ಲಿನ ಸಿಪಾಯಿಗೆ ಕಲಿಸಿದರು. ಬರೀ ಕಲಿಸಿ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ನಿಂತುಹೋಗಿರೋದು. ಅವರು ಮಾಡಿದ ಏರ್ಪಾಡು ನೋಡಿ: ತಿಂಗಳಿಗೆ ತಲಾ ಇಷ್ಟು ಅಂತ ದುಡ್ಡು ನೇರ ಸಿಪಾಯಿ ಕೈಗೆ, ಲೆಕ್ಕದ ವಹಿ ಅವರದೇ, ಅದರಲ್ಲಿ ಕಾಫಿ ಮಾಡೋರ ಪಾಲು ಬೇರೆ. ಯಾವ ಪುಡಿ, ಯಾವ ಹಾಲು ಅನ್ನೋದು ಅವರ ನಿರ್ಧಾರ. ಮೊದಲ ಕಪ್ಪು ಮಾಡಿದವರಿಗೆ. ಹತ್ತೂವರೆಯಿಂದ ಇಪ್ಪತ್ತು ನಿಮಿಷ ಅವರಿಗೆ ಬೇರೆ ಯಾರೂ ಕೆಲಸ ಹೇಳಬಾರದು. ಒಂದು ದಿನ ಯಾರೋ "ಇವತ್ತ ಕಾಫಿ ತೆಳ್ಳಗ ಆಗೇದ" ಅಂದರಂತೆ. ಸಿಪಾಯಿ ಮಾತಾಡದೆ ವಹಿ ತೆಗೆದು ಮುಂದಿಟ್ಟರು. ಮೂರು ಜನರ ದುಡ್ಡು ಬಂದಿರಲಿಲ್ಲ, ಹೇಳಿದವರು ಆ ಮೂವರಲ್ಲಿ ಒಬ್ಬರು. ಮೇಡಂಗೆ ವರ್ಗ ಆಗಿ ಹೋಗಿ ಈಗ ಬಹಳ ದಿನ ಆಯ್ತು. ಫಿಲ್ಟರ್ ಅಲ್ಲೇ ಇದೆ, ಕಾಫಿನೂ ಇದೆ. ನಮ್ಮ ಕಾಕಾ ಸಂಘದ ಡಿಪಾಸಿಟ್ ಕೆಲಸಕ್ಕೆ ಆ ಬ್ಯಾಂಕಿಗೆ ಹೋಗೋದು ಬರೋಬ್ಬರಿ ಹನ್ನೊಂದು ಗಂಟೆಗೆ.

ಈಗ ಲ್ಯಾಬಿಗೆ ಬರೋಣ. 20 ಜನರಿಗೆ ದಿನಕ್ಕೊಂದು ಕಾಫಿ ಅಂತ ಹಿಡಿಯಿರಿ.

ಫಿಲ್ಟರ್ ಅಂದ್ರೆ ಒಂದರ ಮೇಲೊಂದು ಎರಡು ಸ್ಟೀಲ್ ಡಬ್ಬಿ, ಮೇಲಿನದರ ತಳಕ್ಕೆ ಸಣ್ಣ ತೂತುಗಳು. ಪಂಪಿಲ್ಲ, ಬೋರ್ಡಿಲ್ಲ, ಕೆಟ್ಟರೆ ಕರೆಯೋಕೆ ಟೆಕ್ನಿಶಿಯನ್ ಬೇಕಿಲ್ಲ. ಎಸ್ಪ್ರೆಸೊ ಮೆಷಿನ್ 9 ಬಾರ್ ಒತ್ತಡ ಹಾಕಿ ಅರ್ಧ ನಿಮಿಷದಲ್ಲಿ ನೀರು ನುಗ್ಗಿಸಿದರೆ, ಇಲ್ಲಿ ನೀರು ತನ್ನ ಭಾರಕ್ಕೇ ಪುಡಿಯ ಮೂಲಕ ಇಳಿಯುತ್ತೆ. ಸಿವಿಲ್ ಗೆಳೆಯರು ಮಣ್ಣಿನ ವಿಷಯಕ್ಕೆ ಓದೋ ಡಾರ್ಸಿ ನಿಯಮ ಇದೇ. ಪುಡಿ ತೀರಾ ನುಣ್ಣಗಿದ್ದರೆ, ಅಥವಾ ಮೇಲಿನ ತಟ್ಟೆಯಿಂದ ಜೋರಾಗಿ ಒತ್ತಿದರೆ, ನೀರು ಅಲ್ಲೇ ಕೂತು ಕಹಿ ಎಲ್ಲಾ ಎಳ್ಕೊಂಡು ಬರುತ್ತೆ. ದಪ್ಪ ಇದ್ದರೆ ಸರ್ರಂತ ಇಳಿದು ತೆಳು ಆಗುತ್ತೆ. 1950ರ ದಶಕದಲ್ಲಿ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ ಇದನ್ನ ಅಳತೆ ಮಾಡಿದರು: ಪುಡಿಯ ತೂಕದಲ್ಲಿ 18ರಿಂದ 22 ಪರ್ಸೆಂಟ್ ನೀರಿಗೆ ಕರಗಿ ಬಂದರೆ ರುಚಿ ಸರಿ. ಕಮ್ಮಿ ಆದರೆ ಹುಳಿ ಮತ್ತು ಸಪ್ಪೆ, ಜಾಸ್ತಿ ಆದರೆ ಕಹಿ. ನಮ್ಮಜ್ಜಿಯಂಥವರು ಇದನ್ನ ಪರ್ಸೆಂಟ್ ಇಲ್ಲದೆ ಹೇಳ್ತಾರೆ, ಅದು ಬೇರೆ ಮಾತು.

120 ಗ್ರಾಂ ಪುಡಿ, 850 ಮಿಲಿ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಕೆಳಗೆ ಸುಮಾರು 600 ಮಿಲಿ ಡಿಕಾಕ್ಷನ್ ಸಿಗುತ್ತೆ, ತಲಾ 30 ಮಿಲಿ. ಅಷ್ಟು ದೊಡ್ಡ ಫಿಲ್ಟರ್ ಸಿಗದಿದ್ದರೆ ಎರಡು ಇಟ್ಟುಕೊಳ್ಳಿ. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ, ಅದು ಉಬ್ಬಿ ಕೂತ ಮೇಲೆ ಉಳಿದದ್ದು. ಮುಚ್ಚಿಟ್ಟು ಹೋಗಿ ನಿಮ್ಮ ಕೆಲಸ ಮಾಡಿ. ಇಪ್ಪತ್ತು ನಿಮಿಷ ಅಂದರೆ ಯಾರೂ ಫಿಲ್ಟರ್ ಮುಂದೆ ನಿಲ್ಲಬೇಕಾಗಿಲ್ಲ, ನಿಮ್ಮ ಕೋಡ್ ಕಂಪೈಲ್ ಆಗುವಾಗ ನೀವು ನಿಂತಿರ್ತೀರಾ?

ನಮ್ಮ ಕಡೆಯ ಕಾಫಿ ಕೆಡೋದು ಮುಂದಿನ ಹಂತದಲ್ಲಿ. ಚಹಾಪುಡಿ ಹಾಲಿನ ಜೊತೆ ಕುದಿಯೋದನ್ನ ತಡ್ಕೊಳ್ಳುತ್ತೆ, ಹಾಲಿನ ಪ್ರೋಟೀನು ಅದರ ಒಗರನ್ನ ಹಿಡಿದುಕೊಳ್ಳುತ್ತೆ, ನಮ್ಮ ಕಡಕ್ ಚಹಾ ನಿಂತಿರೋದೇ ಅದರ ಮೇಲೆ. ಕಾಫಿಯನ್ನ ಹಾಗೆ ಕುದಿಸಿದರೆ ಪರಿಮಳ ಪೂರ್ತಿ ಹಬೆಯಲ್ಲಿ ಹೋಗುತ್ತೆ, ಮೂಗಿಗೆ ಚೆಂದ, ನಾಲಿಗೆಗೆ ಏನೂ ಉಳಿಯಲ್ಲ. ಬಿಸಿ ಮೇಲೆ ಗಂಟೆಗಟ್ಟಲೆ ಇಟ್ಟರೂ ಹುಳಿ ಮತ್ತು ಕಹಿ ಏರುತ್ತೆ. ಅದಕ್ಕೇ ಬಿಸಿ ಮಾಡೋದು ಹಾಲನ್ನ, ಡಿಕಾಕ್ಷನ್ನನ್ನ ಅಲ್ಲ. ಬೆಳಿಗ್ಗೆಯದ್ದು ಮಧ್ಯಾಹ್ನಕ್ಕೆ ನಡೆಯುತ್ತೆ. ನಾಳೆಗೆ ಬೇಡ.

ನೀರಿನ ಬಗ್ಗೆ ಯಾರೂ ಯೋಚನೆ ಮಾಡಲ್ಲ, ಕಪ್ಪಿನಲ್ಲಿ ಹಾಲು ಬಿಟ್ಟರೆ ಮಿಕ್ಕಿದ್ದೆಲ್ಲಾ ಅದೇ ಆಗಿದ್ದರೂ. ಬೋರ್‌ವೆಲ್ ನೀರಿನ ಗಡಸುತನ ಕಾಫಿಯ ರುಚಿಯನ್ನ ಮಂಕು ಮಾಡುತ್ತೆ. ಪೂರ್ತಿ ಆರ್‌ಒ ನೀರು ಹಾಕಿದರೂ ಸಪ್ಪೆ, ಯಾಕಂದ್ರೆ ರುಚಿ ಎಳೆಯೋಕೆ ಸ್ವಲ್ಪ ಖನಿಜ ಬೇಕು. ಸ್ಪೆಷಾಲಿಟಿ ಕಾಫಿಯವರ ಸಂಘ ಹೇಳೋ ಗುರಿ ಲೀಟರಿಗೆ 150 ಮಿಲಿಗ್ರಾಂ ಟಿಡಿಎಸ್. ನಮ್ಮ ಲ್ಯಾಬಿನಲ್ಲೇ ಟಿಡಿಎಸ್ ಮೀಟರ್ ಇದೆ, ಎರಡೂ ನೀರು ಬೆರೆಸಿ ಅಳತೆ ಮಾಡಿ. ಇಂಥಾ ಸೌಲಭ್ಯ ಯಾವ ಉಡುಪಿ ಹೋಟೆಲಿಗೂ ಇಲ್ಲ.

ಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಅಂತ ನೋಡಿ. ಚಿಕೋರಿ ಒಂದು ಬೇರು, ಹುರಿದು ಪುಡಿ ಮಾಡ್ತಾರೆ, ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಬಣ್ಣ, ಮಂದ ಎರಡೂ ಕೊಡುತ್ತೆ. ಕಾಫಿ 51 ಪರ್ಸೆಂಟಿಗಿಂತ ಕಮ್ಮಿ ಇರಬಾರದು ಅಂತ ನಿಯಮ, ಅಂದರೆ 49ರ ತನಕ ಚಿಕೋರಿ ಹಾಕಿ ಮಾರಬಹುದು, ಪಾಕೀಟಿನ ಮೇಲೆ ಬರೆದಿದ್ದರೆ ಆಯ್ತು. ನನ್ನ ಅಭಿಪ್ರಾಯ 80:20. ಶುದ್ಧ ಕಾಫಿನೇ ಬೇಕು ಅಂತ ಜಗಳ ಆಡೋರಿದ್ದಾರೆ, ಹಾಲು ಹಾಕಿ ಕುಡಿಯೋ ಕಾಫಿಗೆ ಅಷ್ಟು ಮಡಿ ಬೇಕಿಲ್ಲ. ಅರೇಬಿಕಾನೇ ಮೇಲು ಅನ್ನೋದೂ ಅಷ್ಟೇ. ನಮ್ಮ ದೇಶದಲ್ಲಿ ಹೆಚ್ಚು ಬೆಳೆಯೋದು ರೊಬಸ್ಟಾ, ಹಾಲಿಗೆ ಎದುರು ನಿಲ್ಲೋದೂ ಅದೇ. ಬೆಳೆದದ್ದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತೆ, ಇಟಲಿ ದೊಡ್ಡ ಗಿರಾಕಿ. ಇಟಲಿಯವರು ಒಳ್ಳೆಯದು ಅಂದ್ಕೊಂಡು ಕುಡಿಯೋ ಕಾಳಿಗೆ ನಾವು ಇಲ್ಲಿ ಮೂಗು ಮುರಿಯೋದು ತಮಾಷೆ.

ದುಡ್ಡು. ಪುಡಿ ಕಿಲೋಗೆ 800 ಅಂತ ಹಿಡಿದರೆ 120 ಗ್ರಾಮಿಗೆ 96 ರೂಪಾಯಿ. ಹಾಲು ತಲಾ 90 ಮಿಲಿ, ಒಟ್ಟು 1.8 ಲೀಟರ್, ಲೀಟರಿಗೆ 50ರಂತೆ 90 ರೂಪಾಯಿ. ಸಕ್ಕರೆ ಏಳೆಂಟು ರೂಪಾಯಿ. ಎಲ್ಲಾ ಸೇರಿ 200ರ ಒಳಗೆ, ಕಪ್ಪಿಗೆ ಹತ್ತಿರ ಹತ್ತಿರ 10. ಗ್ರೂಪಿನ ಶೀಟಿನಲ್ಲಿ ಮೆಷಿನ್ ಕಾಫಿಗೆ ಕಪ್ಪಿಗೆ 12 ಅಂತ ಬರೆದಿದ್ದಾರೆ. ದಿನಕ್ಕೆ 40 ರೂಪಾಯಿ ಉಳಿಯುತ್ತೆ, ತಿಂಗಳಿಗೆ 22 ದಿನ ಲೆಕ್ಕ ಹಾಕಿದರೆ 880. ಫಿಲ್ಟರಿನ ದುಡ್ಡು ಅದರಲ್ಲೇ ಹುಟ್ಟುತ್ತೆ.

ಇಲ್ಲಿ ತನಕ ಸುಲಭ. ಕಷ್ಟದ ಪ್ರಶ್ನೆ ಯಾರು ಮಾಡೋದು ಅನ್ನೋದು, ಮೆಷಿನ್ ಬೇಕು ಅನ್ನೋರು ಬಾಯಿಬಿಟ್ಟು ಹೇಳದೇ ಇದ್ದರೂ ಅವರ ಮನಸ್ಸಿನಲ್ಲಿರೋದು ಇದೇ. ಕಳೆದ ರಜೆಯಲ್ಲಿ ನಾಲ್ಕು ವಾರ ಒಂದು ಕಂಪನಿಗೆ ಇಂಟರ್ನ್‌ಷಿಪ್ಪಿಗೆ ಹೋಗಿದ್ದೆ. ನಾವು ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಎರಡನೇ ದಿನ ಪ್ಯಾಂಟ್ರಿ ಹುಡುಗ ಬಂದಿರಲಿಲ್ಲ. "ಸ್ವಲ್ಪ ಕಾಫಿ ನೋಡ್ಕೋತೀರಾಮ್ಮ" ಅಂತ ಕೇಳಿದ್ದು ನಮ್ಮಿಬ್ಬರು ಹುಡುಗಿಯರನ್ನ. ಆ ಹುಡುಗರಲ್ಲಿ ಒಬ್ಬ ಚಿಕ್ಕಮಗಳೂರಿನವನು, ಅವರ ಮನೆಗೆ ಕಾಫಿ ತೋಟ ಇದೆ! ಬೋರಗಾಂವದವಳನ್ನ ಕೇಳಿದರು, ತೋಟದವನನ್ನ ಬಿಟ್ಟರು. ಕೇಳಿದವರು ಕೆಟ್ಟವರಲ್ಲ, ಅವರಿಗೆ ಅದು ಪ್ರಶ್ನೆ ಅಂತಲೇ ಅನ್ನಿಸಿರಲಿಲ್ಲ, ನಮ್ಮೂರಿನ "ಚಾ ತಗೋರಿ" ಹಾಗೆ. ಅವತ್ತು ನಾವಿಬ್ಬರೂ ಮಾಡಿದೆವು. ಮರುದಿನ "ಇವತ್ತು ಅವರ ಪಾಳಿ ಸರ್" ಅಂದೆವು. ತೋಟದವನು ಮಾಡಿದ್ದು ನಮ್ಮದಕ್ಕಿಂತ ಚೆನ್ನಾಗಿತ್ತು, ಒಪ್ಪಿಕೊಳ್ಳಲೇಬೇಕು.

ನಮ್ಮ ಲ್ಯಾಬಿನಲ್ಲಿ ಯಾರ ಕೆಲಸ ಅಂತ ಬರೆದಿಡದೆ ಫಿಲ್ಟರ್ ತಂದರೂ ಇದೇ ಆಗುತ್ತೆ. ಎರಡು ವಾರ ಉತ್ಸಾಹ, ಮೂರನೇ ವಾರದಿಂದ ಯಾರೋ ಇಬ್ಬರು ಹುಡುಗಿಯರು, ಇಲ್ಲಾ ಲ್ಯಾಬ್ ಅಟೆಂಡರ್ ಅಣ್ಣ. ಅಟೆಂಡರ್ ಅಣ್ಣನ ಕೆಲಸ ಲೇಥು, ಡ್ರಿಲ್ಲು, ಸ್ಟಾಕ್ ರಜಿಸ್ಟರು. ಕಾಫಿ ಅಲ್ಲ. ಮೆಷಿನ್ ತಂದರೆ ಈ ಪ್ರಶ್ನೆ ಇರಲ್ಲ ಅಂತೀರಾ? ಟ್ರೇ ತೊಳೆಯೋರು ಯಾರು, ಪುಡಿ ತುಂಬೋರು ಯಾರು, ಆ ಸೂಪಿನ ನಳ ಒರೆಸೋರು ಯಾರು? ಮೆಷಿನ್ನಿಗೂ ಕೆಲಸ ಮಾಡೋರು ಬೇಕು, ಅವರಿಗೆ ರುಚಿಯ ಮೇಲೆ ಅಧಿಕಾರ ಇರಲ್ಲ ಅಷ್ಟೇ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನ ಕಥೆ ಬಹಳ ಜನಕ್ಕೆ ಗೊತ್ತು. ಕಾಫಿಗೆ ಅಂತ ಮಹಡಿ ಇಳಿದು ಬಂದರೆ ಪಾತ್ರೆ ಖಾಲಿ, ಅದಕ್ಕೆ 1991ರಲ್ಲಿ ಪಾತ್ರೆಗೆ ಎದುರು ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಅದು ವೆಬ್ಬಿಗೆ ಬಂತು, ಜಗತ್ತಿನ ಮೊದಲ ವೆಬ್‌ಕ್ಯಾಮ್ ಅನ್ನಿಸಿಕೊಳ್ತು, 2001ರಲ್ಲಿ ನಿಂತಿತು. ಎಂಜಿನಿಯರುಗಳ ಬುದ್ಧಿ ಎಲ್ಲಿ ಹೋಗುತ್ತೆ ನೋಡಿ. ಕಾಫಿ ಇದೆಯೋ ಇಲ್ಲವೋ ಅಂತ ನೋಡೋಕೆ ಕ್ಯಾಮೆರಾ ಬಂತು, ಖಾಲಿ ಆದರೆ ಮತ್ತೆ ಮಾಡಿಡೋದು ಯಾರು ಅನ್ನೋದಕ್ಕೆ ಕ್ಯಾಮೆರಾದಲ್ಲಿ ಉತ್ತರ ಇರಲಿಲ್ಲ.

ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿತ್ತು, ಅದಕ್ಕೂ ಎಷ್ಟೋ ವರ್ಷ ಮೊದಲು. ಇಂಡಿಯಾ ಕಾಫಿ ಹೌಸುಗಳನ್ನ ನಡೆಸ್ತಿದ್ದಿದ್ದು ಕಾಫಿ ಬೋರ್ಡು. 1950ರ ದಶಕದ ಮಧ್ಯದಲ್ಲಿ ಅವುಗಳನ್ನ ಮುಚ್ಚೋಕೆ ಹೊರಟಾಗ ಕೆಲಸ ಕಳ್ಕೊಳ್ಳೋ ಕಾರ್ಮಿಕರು ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡು ತಾವೇ ನಡೆಸೋಕೆ ಮುಂದಾದರು. ಮೊದಲ ಸಂಘ ಆಗಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟಿನಲ್ಲಿ. ಎಂ.ಜಿ. ರಸ್ತೆಯಲ್ಲಿದ್ದ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯ್ತು. ಕಾಫಿ ತಂದುಕೊಡೋರೇ ಅಂಗಡಿಯ ಸದಸ್ಯರು. ನಿಪ್ಪಾಣಿ ಹತ್ರದ ಆ ಬ್ಯಾಂಕಿನಲ್ಲಿ ವಹಿ ಸಿಪಾಯಿ ಕೈಯಲ್ಲಿರೋದೂ ಅಷ್ಟೇ, ಅಳತೆ ಚಿಕ್ಕದು.

ಹಾಗಾಗಿ ನಾನು ಹೆಸರು ಬರೆಯೋ ಶೀಟ್ ಬೇರೆ. ಅದರಲ್ಲಿ ಮೂರು ಕಾಲಂ ಇರಲಿ: ವಾರ, ಮಾಡೋ ಇಬ್ಬರು, ವಹಿ. ಪಾಳಿ ರೋಲ್ ನಂಬರಿನ ಪ್ರಕಾರ ಬರಲಿ, ಆಗ ಹುಡುಗ ಹುಡುಗಿ ಅನ್ನೋ ಮಾತೇ ಬರಲ್ಲ. ವಾರದ ದುಡ್ಡು ಸೋಮವಾರವೇ ಆ ಇಬ್ಬರ ಕೈಗೆ, ಪುಡಿ ಅವರಿಷ್ಟ, ಚೆನ್ನಾಗಿಲ್ಲದಿದ್ದರೆ ಬೈಸ್ಕೊಳ್ಳೋರೂ ಅವರೇ. ಅಟೆಂಡರ್ ಅಣ್ಣನಿಗೆ ದಿನಾ ಒಂದು ಕಪ್ಪು, ಪಟ್ಟಿ ಇಲ್ಲದೆ. ಕಾಫಿ ಬೆಳಿಗ್ಗೆ ಹನ್ನೊಂದಕ್ಕೆ ಒಂದೇ ಸಲ. ನಾಲ್ಕು ಗಂಟೆಗೆ ಗೇಟಿನಿಂದ ಕಿಟ್ಲಿ ಹಿಡ್ಕೊಂಡು ಬರೋ ಚಹಾದ ಮಾಮಾ ಈಗ ಹೇಗೆ ಬರ್ತಾರೋ ಹಾಗೇ ಬರಬೇಕು. ಮೆಷಿನ್ ಬಂದರೆ ಮೊದಲು ನಿಲ್ಲೋದು ಅವರ ವ್ಯಾಪಾರ, ಆ ಲೆಕ್ಕ ಶೀಟಿನ ಯಾವ ಕಾಲಮ್ಮಿನಲ್ಲೂ ಇಲ್ಲ.

ಪ್ರತಿ ಪಾಳಿಯಲ್ಲೂ ಫಿಲ್ಟರನ್ನ ಅವತ್ತೇ ತೊಳೀಬೇಕು. ಒಣಗಿದ ಗಸಿ ತೂತಿನಲ್ಲಿ ಕೂತರೆ ಮರುದಿನ ಒಂದು ಹನಿ ಇಳಿಯಲ್ಲ, ಪಿನ್ ಹಿಡ್ಕೊಂಡು ಒಂದೊಂದೇ ತೂತು ಬಿಡಿಸ್ತಾ ಕೂತ್ಕೋಬೇಕು. ಗಸಿಯನ್ನ ಸಿಂಕಿಗೆ ಹಾಕಬೇಡಿ, ಪೈಪ್ ಕಟ್ಟುತ್ತೆ. ಲ್ಯಾಬಿನ ಹಿಂದೆ ಗಿಡ ಇವೆ, ಅಲ್ಲಿ ಹಾಕಿ. ದೀಪಾವಳಿ ರಜೆಗೆ ಊರಿಗೆ ಹೋದಾಗ ಆ ಬ್ಯಾಂಕಿನ ಸಿಪಾಯಿಯವರನ್ನ ಯಾವ ಸೈಜ್ ಫಿಲ್ಟರ್ ತರಬೇಕು ಅಂತ ಕೇಳ್ಕೊಂಡು ಬರ್ತೀನಿ. ಅಷ್ಟರೊಳಗೆ ಶೀಟಿನಲ್ಲಿ ಹೆಸರು ಬರೀರಿ. ನನ್ನ ರೋಲ್ ನಂಬರ್ 7, ನಾಲ್ಕನೇ ವಾರ ನನ್ನದು.